ಟಿರೆಟ್ಟಾ ಬಜಾರಿನ ಭಾನುವಾರದ ಬೆಳಗು

ಊರುಗಳನ್ನು ಅವುಗಳ ಅರಮನೆ, ಸೇತುವೆ, ಸ್ಮಾರಕಗಳಿಂದ ಗುರುತಿಸುವವರೇ ಹೆಚ್ಚು. ಬೆಳಗಿನ ಉಪಾಹಾರದಿಂದ ಗುರುತಿಸುವವರು ವಿರಳ. ಆದರೆ ಒಂದು ಊರಿನಲ್ಲಿ ಯಾರು ಯಾರು ಬಂದು ನೆಲೆಸಿದರು, ಯಾರ ಕೈಯ ರುಚಿ ಯಾರ ನಾಲಗೆಗೆ ಹತ್ತಿತು ಎಂಬುದನ್ನು ತಿಳಿಯಬೇಕಾದರೆ ತಿಂಡಿಯ ಅಂಗಡಿಗಳಷ್ಟು ಪ್ರಾಮಾಣಿಕವಾದ ಸಾಕ್ಷಿಗಳು ಬೇರೆ ದೊರೆಯಲಾರವು. ಬಂಗಾಳಿ, ಮಾರವಾಡಿ, ಬಿಹಾರಿ, ಆರ್ಮೀನಿಯನ್, ಯೆಹೂದಿ, ಪಾರಸಿ, ಆಂಗ್ಲೋ ಇಂಡಿಯನ್ ಮುಂತಾದ ಹತ್ತಾರು ಜನಾಂಗಗಳಿಗೆ ಆಶ್ರಯ ಕೊಟ್ಟ ಕಲ್ಕತ್ತೆಯ ವಿಷಯದಲ್ಲಂತೂ ಈ ಮಾತು ಪೂರ್ಣವಾಗಿ ಸತ್ಯ. ೨೦೦೧ರಿಂದ ಆ ನಗರದ ಅಧಿಕೃತ ನಾಮಧೇಯ ಕೋಲ್ಕತ ಎಂದಾಗಿದ್ದರೂ, ಕನ್ನಡಿಗರ ಬಾಯಲ್ಲಿ ಹಳೆಯ ಹೆಸರು ಇನ್ನೂ ಅಳಿದಿಲ್ಲ.

ನಗರದ ಪೊಲೀಸ್ ಕೇಂದ್ರ ಕಚೇರಿಯಿರುವ ಲಾಲ್‌ಬಜಾರಿನಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಟಿರೆಟ್ಟಾ ಬಜಾರ್ ಎಂಬ ಹಳೆಯ ಪೇಟೆಯಿದೆ. ವಾರದ ದಿನಗಳಲ್ಲಿ ಇದು ಎಲ್ಲ ಪೇಟೆಗಳಂತೆ ಗಾಡಿ, ಮೂಟೆ, ಕೂಗುಗಳ ಸ್ಥಳ. ಭಾನುವಾರ ಮಾತ್ರ, ಬೆಳಕು ಹರಿಯುವ ಹೊತ್ತಿಗೆ, ರಸ್ತೆಯ ಅಂಚಿನಲ್ಲಿ ಹಬೆಯಾಡುವ ಅಲ್ಯೂಮಿನಿಯಂ ಪಾತ್ರೆಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ. ಒಂದು ಪಾತ್ರೆಯಲ್ಲಿ ಮೀನಿನ ಉಂಡೆಗಳ ತಿಳಿಸಾರು. ಇನ್ನೊಂದರಲ್ಲಿ ಶುಮಾಯ್ ಎಂಬ ಪುಟ್ಟ ಕಡುಬುಗಳು. ಮತ್ತೊಂದರಲ್ಲಿ ಬಾವ್ ಎಂದು ಕರೆಯುವ, ಒಳಗೆ ಹೂರಣ ತುಂಬಿದ ಬಿಳಿಯ ಉಬ್ಬುರೊಟ್ಟಿಗಳು. ಪಕ್ಕದಲ್ಲಿ ಎಳ್ಳು ಮೆತ್ತಿ ಕರಿದ ಉಂಡೆಗಳು, ಸೀಗಡಿಯ ಹಪ್ಪಳಗಳು, ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿಯ ಪೊಟ್ಟಣಗಳು. ಕೊಳ್ಳುವವರು ನಿಂತೇ ತಿನ್ನುತ್ತಾರೆ, ಇಲ್ಲವೆ ಮನೆಗೆ ಕಟ್ಟಿಸಿಕೊಂಡು ಹೋಗುತ್ತಾರೆ. ಸೂರ್ಯ ಮೂಡುವಾಗ ಬಂದವರಿಗೆ ಎಲ್ಲವೂ ಉಂಟು. ಎಂಟು ಗಂಟೆ ಮೀರಿ ಬಂದ ಸೋಮಾರಿಗಳಿಗೆ ಬರಿಯ ಪಾತ್ರೆಗಳ ದರ್ಶನ. ಆ ಬಳಿಕ ತಿಂಡಿಯ ಬೀದಿ ಮತ್ತೆ ಸಾಮಾನ್ಯ ಪೇಟೆಯಾಗಿಬಿಡುತ್ತದೆ.

ಕಲ್ಕತ್ತೆಯ ಚೀನೀಯರ ಭಾನುವಾರದ ಉಪಾಹಾರವೆಂದರೆ ಇದೇ. ಕೇವಲ ಎರಡು ಮೂರು ಗಂಟೆಗಳ ಈ ವ್ಯಾಪಾರದ ಹಿಂದೆ ಇನ್ನೂರ ನಲವತ್ತು ವರ್ಷಗಳಿಗೂ ಮಿಗಿಲಾದ ಕಥೆಯೊಂದಿದೆ. ಆ ಕಥೆಯಲ್ಲಿ ಸಿಹಿಯಷ್ಟೇ ಕಹಿಯೂ ಇದೆ.

ಹೃದಯವನ್ನು ಮುಟ್ಟುವ ತಿಂಡಿ

ಈ ಬಗೆಯ ತಿಂಡಿಗಳಿಗೆಲ್ಲ ದಕ್ಷಿಣ ಚೀನದ ಕ್ಯಾಂಟನ್ ಪ್ರಾಂತದವರು ಇಟ್ಟ ಹೆಸರು 'ಡಿಮ್ ಸಮ್'. ಹೃದಯವನ್ನು ಮೆಲ್ಲಗೆ ಮುಟ್ಟುವಂಥದ್ದು ಎಂದು ಅದರ ಅಕ್ಷರಶಃ ಅರ್ಥ. ಹೊಟ್ಟೆ ತುಂಬಿಸುವುದು ಊಟದ ಕೆಲಸ. ಮನಸ್ಸನ್ನು ತಣಿಸುವುದು ತಿಂಡಿಯ ಕೆಲಸ ಎಂಬ ತಾತ್ಪರ್ಯವನ್ನು ನಮ್ಮ ತಿಂಡಿಪ್ರಿಯರು ಒಪ್ಪದಿರಲಾರರು. ಅಲ್ಲಿನ ಚಹದಂಗಡಿಗಳಲ್ಲಿ ಈ ತಿಂಡಿಗಳು ಚಹದ ಜೊತೆಗಾರರಾಗಿ ಬೆಳೆದವು. ಆದ್ದರಿಂದಲೇ ಡಿಮ್ ಸಮ್ ತಿನ್ನಲು ಹೊರಟವರು 'ಯಮ್ ಚಾ', ಅಂದರೆ ಚಹ ಕುಡಿಯಲು ಹೋಗುತ್ತೇವೆ ಎನ್ನುತ್ತಾರೆ. ಕಾಫಿಗೆಂದು ಕರೆದು ಮಸಾಲೆದೋಸೆ ತಿನ್ನಿಸುವ ನಮ್ಮ ಪದ್ಧತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಈ 'ಚಾ' ಎಂಬ ಶಬ್ದವೂ ಕನ್ನಡಿಗರಿಗೆ ಅಪರಿಚಿತವಲ್ಲ. ಧಾರವಾಡದ ಕಡೆಯ 'ಚಹಾ' ಚೀನೀಯರ ಆ 'ಚಾ' ಎಂಬ ಮಾತಿನಿಂದಲೇ ಬಂದದ್ದು. ಮೈಸೂರಿನ ಕಡೆಯ 'ಟೀ' ಮಾತ್ರ ಚೀನದ ಪೂರ್ವ ಕರಾವಳಿಯ ಫೂಜಿಯನ್ ಪ್ರಾಂತದ 'ಟೆ' ಎಂಬ ಉಚ್ಚಾರಣೆಯಿಂದ ಹೊರಟು, ಡಚ್ ವರ್ತಕರ ಹಡಗನ್ನೇರಿ, ಇಂಗ್ಲಿಷರ ಬಾಯಿಯ ಮೂಲಕ ನಮ್ಮಲ್ಲಿಗೆ ತಲುಪಿತು. ಹೀಗೆ ಒಂದೇ ನಾಡಿನ ಎರಡು ಉಚ್ಚಾರಣೆಗಳು ಕರ್ನಾಟಕವನ್ನು ಎರಡು ಭಾಗವಾಗಿ ಹಂಚಿಕೊಂಡಿವೆ.

ಚಹ ಕುಡಿಯುವಲ್ಲಿಯೂ ಕ್ಯಾಂಟನ್ನರದು ತಮ್ಮದೇ ಆದ ಶಿಷ್ಟಾಚಾರ. ಹೂಜಿಯಲ್ಲಿ ಚಹ ಮುಗಿದರೆ ಮಾಣಿಯನ್ನು ಕೂಗಬೇಕಾಗಿಲ್ಲ; ಮುಚ್ಚಳವನ್ನು ಓರೆಯಾಗಿಟ್ಟರೆ ಸಾಕು, ಆತ ಬಿಸಿನೀರು ತಂದು ತುಂಬುತ್ತಾನೆ. ಪಕ್ಕದವರು ಬಟ್ಟಲಿಗೆ ಚಹ ಸುರಿದಾಗ ಎರಡು ಬೆರಳುಗಳಿಂದ ಮೇಜನ್ನು ಮೃದುವಾಗಿ ತಟ್ಟುವುದೇ ವಂದನೆ. ಚಕ್ರವರ್ತಿ ಚಿಯೆನ್‌ಲುಂಗ್ ಮಾರುವೇಷದಲ್ಲಿ ಸಂಚರಿಸುತ್ತಿದ್ದಾಗ ತಾನೇ ಸೇವಕನಿಗೆ ಚಹ ಬಡಿಸಿದನಂತೆ. ಎದ್ದು ಅಡ್ಡಬಿದ್ದರೆ ದೊರೆಯ ಗುಟ್ಟು ರಟ್ಟಾಗುವುದೆಂದು ಆ ಸೇವಕ ಬೆರಳುಗಳನ್ನೇ ಬಾಗಿಸಿ ಮೇಜಿನ ಮೇಲೆ ನಮಸ್ಕರಿಸಿದನಂತೆ. ಐತಿಹ್ಯವೇ ಆದರೂ ಸೊಗಸಾದ ಐತಿಹ್ಯ.

ಹಬೆಯ ಪಾಕ

ಡಿಮ್ ಸಮ್‌ಗಳಲ್ಲಿ ಬಗೆಗಳು ನೂರಾರು. ಅವುಗಳಲ್ಲಿ ನಾಲ್ಕಕ್ಕೆ ಕ್ಯಾಂಟನ್ನರು ಬೌದ್ಧಧರ್ಮದ ನಾಲ್ವರು ದಿಕ್ಪಾಲಕರ ಬಿರುದನ್ನೇ ಕೊಟ್ಟುಬಿಟ್ಟಿದ್ದಾರೆ: ಸೀಗಡಿ ತುಂಬಿದ ಹಾರ್ ಗಾವ್, ಮೇಲೆ ಬಾಯಿ ತೆರೆದಿರುವ ಸಿಯು ಮಾಯ್, ಸುಟ್ಟ ಹಂದಿಮಾಂಸದ ಹೂರಣವಿರುವ ಚಾರ್ ಸಿಯು ಬಾವ್ ಮತ್ತು ಮೊಟ್ಟೆಯ ಸಿಹಿಪಾಕದ ದಾನ್ ತಾತ್. ಇವುಗಳಲ್ಲಿ ಎರಡನೆಯದೇ ಕಲ್ಕತ್ತೆಯವರ ಬಾಯಲ್ಲಿ ಶುಮಾಯ್ ಆಗಿದೆ.

ಹಾರ್ ಗಾವ್ ಮಾಡುವ ವಿಧಾನವನ್ನು ಕೇಳಿದರೆ ನಮ್ಮ ಗೃಹಿಣಿಯರಿಗೆ ಆಶ್ಚರ್ಯವಾದೀತು. ಒಳಗಿನ ಹೂರಣ ಹೊರಗೆ ಕಾಣುವಷ್ಟು ಪಾರದರ್ಶಕವಾದ ಅದರ ಹೊದಿಕೆ ಗೋಧಿಯ ಹಿಟ್ಟಿನದಲ್ಲ, ಗೋಧಿಯ ಹಾಲಿನದು. ಹಲ್ವ ಮಾಡುವಾಗ ಗೋಧಿಯ ಅಂಟನ್ನು ಬೇರ್ಪಡಿಸಿ ಹಾಲನ್ನು ತೆಗೆಯುವಂತೆಯೇ ಅಲ್ಲಿಯೂ ಅಂಟನ್ನು ತೊಳೆದು ತೆಗೆದು, ತಳದಲ್ಲಿ ನಿಂತ ಬಿಳಿಯ ಪುಡಿಯನ್ನು ಒಣಗಿಸಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಮರಗೆಣಸಿನ ಪುಡಿಯನ್ನು ಸ್ವಲ್ಪ ಬೆರೆಸಿ, ಅಕ್ಕಿರೊಟ್ಟಿಗೆ ಹಿಟ್ಟನ್ನು ಉಕ್ಕರಿಸುವಂತೆ ಕುದಿನೀರು ಹಾಕಿ ಕಲಸುತ್ತಾರೆ. ಎಣ್ಣೆ ಸವರಿದ ಅಗಲವಾದ ಕತ್ತಿಯ ಮಗ್ಗುಲಿನಿಂದ ಉಂಡೆಯನ್ನು ಒತ್ತಿದೊಡನೆ ತೆಳ್ಳನೆಯ ಬಿಲ್ಲೆ ಸಿದ್ಧ. ಹೂರಣವಿಟ್ಟು ಅಂಚನ್ನು ನೆರಿಗೆ ನೆರಿಗೆಯಾಗಿ ಮಡಿಸಬೇಕು. ಏಳು ನೆರಿಗೆಗಳಿಗಿಂತ ಕಡಿಮೆಯಾದರೆ ಪಾಕಪ್ರವೀಣರು ಒಪ್ಪುವುದಿಲ್ಲ. ಹತ್ತಕ್ಕೆ ಮೇಲಾದರೆ ಭೇಷ್ ಎನ್ನುತ್ತಾರೆ. ಮೋದಕದ ನೆರಿಗೆಗಳನ್ನು ಎಣಿಸುವ ಅತ್ತೆಯರು ಅಲ್ಲಿಯೂ ಇರಬೇಕು!

ಹಬೆಯಲ್ಲಿ ಬೇಯಿಸುವ ವಿದ್ಯೆಯಲ್ಲಿ ಇಡ್ಲಿಯ ನಾಡಿನವರು ಯಾರಿಗೂ ಕಡಿಮೆಯಲ್ಲ. ಆದುದರಿಂದ ಟಿರೆಟ್ಟಾ ಬಜಾರಿನ ಪಾತ್ರೆಗಳ ಮುಂದೆ ನಿಂತ ಕನ್ನಡಿಗನಿಗೆ ಪರದೇಶದಲ್ಲಿರುವಂತೆ ತೋರುವ ಕಾರಣವಿಲ್ಲ. ಬಾಳೆಯೆಲೆಯ ಅಥವಾ ಹಲಸಿನೆಲೆಯ ಕಡುಬನ್ನು ಬಲ್ಲವರಿಗೆ ಬಿದಿರಿನೆಲೆಯಲ್ಲಿ ಕಟ್ಟಿದ ಅಂಟಕ್ಕಿಯ ಪೊಟ್ಟಣ ಹತ್ತಿರದ ಬಂಧುವಿನಂತೆ ಕಂಡೀತು. ಎಳ್ಳಿನ ಉಂಡೆಯನ್ನು ಮುರಿದರೆ ಒಳಗಿನ ಸಿಹಿಹೂರಣ ಸುಕ್ಕಿನುಂಡೆಯ ನೆನಪು ತಂದೀತು. ಆದರೆ ಸಸ್ಯಾಹಾರಿಗಳು ಕೈಚಾಚುವ ಮುನ್ನ ಒಂದು ಮಾತು ಕೇಳುವುದು ಕ್ಷೇಮ. ಸಿಹಿಯಂತೆ ಕಾಣುವ ಬಾವ್‌ನ ಹೊಟ್ಟೆಯಲ್ಲಿ ಕೋಳಿಯೋ ಹಂದಿಯೋ ಅಡಗಿರುವುದು ಇಲ್ಲಿನ ಸಾಮಾನ್ಯ ಸಂಗತಿ.

ಸಕ್ಕರೆಯ ಗಿರಣಿಯಿಂದ ಚರ್ಮದ ಹದದವರೆಗೆ

ಈ ತಿಂಡಿಗಳು ಹುಗಳಿಯ ದಂಡೆಗೆ ಬಂದುದು ಹೇಗೆ? ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ವಾರನ್ ಹೇಸ್ಟಿಂಗ್ಸನು ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ, ಟಾಂಗ್ ಅಚ್ಯೂ ಎಂಬ ಚೀನೀ ವರ್ತಕನು ಬಜ್ ಬಜ್‌ನ ಸಮೀಪದಲ್ಲಿ ಭೂಮಿಯನ್ನು ಪಡೆದು ಸಕ್ಕರೆಯ ಕಾರ್ಖಾನೆಯನ್ನು ಸ್ಥಾಪಿಸಿದನು. ದುಡಿಯಲು ತನ್ನ ದೇಶದವರನ್ನು ಕರೆಸಿಕೊಂಡನು. ೧೭೮೩ರಲ್ಲಿ ಅವನು ತೀರಿಕೊಂಡನು. ಕಾರ್ಖಾನೆಯೂ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಅವನ ಹೆಸರಿನಿಂದ ಆ ಊರು ಇಂದಿಗೂ ಅಚಿಪುರ. ನದಿಯ ಹತ್ತಿರ ಕೆಂಪುಬಣ್ಣ ಬಳಿದ ಅವನ ಸಮಾಧಿಯಿದೆ. ಚೀನೀ ಹೊಸವರ್ಷದ ದಿನಗಳಲ್ಲಿ ಕಲ್ಕತ್ತೆಯ ಚೀನೀಯರು ಕುಟುಂಬಸಮೇತರಾಗಿ ಅಲ್ಲಿಗೆ ಹೋಗಿ ಊದುಬತ್ತಿ ಹಚ್ಚಿ ಬರುತ್ತಾರೆ.

ಅಚಿಪುರದಿಂದ ಚದುರಿದವರು, ಅನಂತರ ಹಡಗುಗಳಲ್ಲಿ ಬಂದವರು, ಎಲ್ಲರೂ ಟಿರೆಟ್ಟಾ ಬಜಾರಿನ ಸುತ್ತ ನೆಲೆಸಿದರು. ಬಜಾರಿನ ಹೆಸರಿಗೆ ಕಾರಣನಾದ ಎಡ್ವರ್ಡ್ ಟಿರೆಟ್ಟಾ ಕೂಡ ಪರದೇಶಿಯೇ: ಇಟಲಿಯಿಂದ ಬಂದು ಕಲ್ಕತ್ತೆಯ ರಸ್ತೆ ಮತ್ತು ಕಟ್ಟಡಗಳ ಮೇಲ್ವಿಚಾರಕನಾಗಿದ್ದವನು. ಹೀಗೆ ಇಟಲಿಯವನ ಹೆಸರಿನ ಪೇಟೆಯಲ್ಲಿ, ಇಂಗ್ಲಿಷರ ರಾಜಧಾನಿಯಲ್ಲಿ, ಬಂಗಾಳಿಗಳ ನೆರೆಯಲ್ಲಿ ಚೀನೀಯರ ಬೀದಿ ಬೆಳೆಯಿತು.

ಪ್ರತಿಯೊಂದು ಪಂಗಡಕ್ಕೂ ಒಂದೊಂದು ಕಸುಬು. ಕ್ಯಾಂಟನ್ನರು ಮರಗೆಲಸದಲ್ಲಿ ನಿಪುಣರು. ಹಡಗುಕಟ್ಟೆಗಳಲ್ಲಿ ಅವರಿಗೆ ಬೇಡಿಕೆಯಿತ್ತು. ಹಕ್ಕಾ ಜನರು ಪಾದರಕ್ಷೆ ತಯಾರಿಸುವವರು. ಬೆಂಟಿಂಕ್ ರಸ್ತೆಯಲ್ಲಿ ಅವರ ಅಂಗಡಿಗಳ ಸಾಲೇ ಇತ್ತು. ಹೂಪೆ ಪ್ರಾಂತದವರು ದಂತವೈದ್ಯರು. ಪಾದರಕ್ಷೆಗೆ ಚರ್ಮ ಬೇಕಷ್ಟೆ? ಆದ್ದರಿಂದ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹಕ್ಕಾಗಳು ನಗರದ ಪೂರ್ವದ ಜವುಗುನೆಲವಾದ ಟಾಂಗ್ರಾದಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳನ್ನು ತೆರೆದರು. ಇತರರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದ ಕಸುಬಿನಲ್ಲಿ ಅವರು ಬದುಕನ್ನು ಕಟ್ಟಿಕೊಂಡರು.

ಚರ್ಚೆಂಬ ಗುಡಿ, ಗುಡಿಯ ಕೆಳಗೆ ಹೋಟೆಲು

ಟಿರೆಟ್ಟಾ ಬಜಾರಿನಲ್ಲಿ ತಿಂಡಿ ಮುಗಿಸಿದವರು ಸುತ್ತಮುತ್ತಲ ಗಲ್ಲಿಗಳನ್ನು ಹೊಕ್ಕರೆ 'ಚರ್ಚ್' ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಳಗೆ ಹೋದರೆ ಶಿಲುಬೆಯ ಬದಲು ಚಿನ್ನದ ಬಣ್ಣದ ಕೆತ್ತನೆ, ಕೆಂಪು ಲಾಂದ್ರ, ಊದುಬತ್ತಿಯ ಹೊಗೆ! ಇವು ಚೀನೀಯರ ದೇವಾಲಯಗಳು. ಇಂಗ್ಲಿಷರ ಕಾಲದಲ್ಲಿ ಅಂಟಿಕೊಂಡ ಹೆಸರು ಹಾಗೆಯೇ ಉಳಿದಿದೆ. ೧೯೦೫ರ ಸೀ ಇಪ್ ದೇವಾಲಯದಲ್ಲಿ ಕರುಣೆಯ ದೇವಿ ಕ್ವಾನ್ ಯಿನ್‌ಳ ಪೂಜೆ. ಬೌದ್ಧರ ಅವಲೋಕಿತೇಶ್ವರನೇ ಚೀನದಲ್ಲಿ ಕಾಲಕ್ರಮದಲ್ಲಿ ದೇವಿಯ ರೂಪ ತಾಳಿ ಕ್ವಾನ್ ಯಿನ್ ಆದುದು. ಭಾರತದಿಂದ ಹೊರಟ ಬೋಧಿಸತ್ವ ಹಲವು ಶತಮಾನಗಳ ಬಳಿಕ, ರೂಪವನ್ನು ಬದಲಿಸಿಕೊಂಡು, ಬಡಗಿಗಳ ಜೊತೆಯಲ್ಲಿ ಭಾರತಕ್ಕೇ ಮರಳಿದಂತಾಯಿತು.

೧೯೨೪ರಲ್ಲಿ ಕಟ್ಟಿದ ತುಂಗ್ ಆನ್ ದೇವಾಲಯದ ವಿಶೇಷವೇ ಬೇರೆ. ಮೇಲೆ ದೇವರು, ಕೆಳಗೆ ಹೋಟೆಲು! ಆ ಕೆಳ ಅಂತಸ್ತಿನಲ್ಲಿದ್ದ 'ನಾನ್ಕಿಂಗ್' ಒಂದು ಕಾಲಕ್ಕೆ ನಗರದ ಪ್ರಖ್ಯಾತ ಭೋಜನಶಾಲೆ. ಸಾಹೇಬರು, ವರ್ತಕರು, ಚಿತ್ರರಂಗದ ತಾರೆಯರು ಅಲ್ಲಿಗೆ ಬರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಅದು ಬಾಗಿಲು ಹಾಕಿತು. ಇದರಷ್ಟು ವೈಭವವಿಲ್ಲದೆ ಗಣೇಶಚಂದ್ರ ಅವೆನ್ಯೂನ ಮಹಡಿಯ ಮೇಲೆ ಇಪ್ಪತ್ತರ ದಶಕದಲ್ಲಿ ಆರಂಭವಾದ 'ಯೂ ಚ್ಯೂ' ಮಾತ್ರ ಒಂದೇ ಕುಟುಂಬದ ಕೈಯಲ್ಲಿ ತಲೆಮಾರುಗಳನ್ನು ಕಂಡಿತು. ನಡುವೆ ಕೊಳವೆಯಿದ್ದು ಅದರೊಳಗೆ ಕೆಂಡವುರಿಯುವ ಪಾತ್ರೆಯಲ್ಲಿ ಬಡಿಸುವ ಅದರ ಸಾರು ಕಲ್ಕತ್ತೆಯ ರಸಿಕರಿಗೆ ಚಿರಪರಿಚಿತ. ಇಂತಹ ಹೋಟೆಲುಗಳಲ್ಲಿ ಝಗಝಗಿಸುವ ಅಲಂಕಾರವನ್ನು ಹುಡುಕಬಾರದು. ಮನೆಯವರೇ ಅಡಿಗೆಯವರು, ಮನೆಯವರೇ ಲೆಕ್ಕ ಬರೆಯುವವರು.

೧೯೬೨ರ ಕಾರ್ಮೋಡ

ಕಲ್ಕತ್ತೆಯ ಚೀನೀಯರ ಸಂಖ್ಯೆ ಒಂದು ಕಾಲಕ್ಕೆ ಇಪ್ಪತ್ತು ಸಾವಿರದಷ್ಟಿತ್ತೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಈಗ ಉಳಿದಿರುವವರು ಕೆಲವೇ ಸಾವಿರ. ಈ ಇಳಿತಕ್ಕೆ ಕಾರಣಗಳು ಹಲವಾದರೂ ಮೊದಲನೆಯದು ೧೯೬೨.

ಆ ವರ್ಷದ ಅಕ್ಟೋಬರ್ ೨೦ರಂದು ಹಿಮಾಲಯದ ಗಡಿಯಲ್ಲಿ ಚೀನದ ಸೈನ್ಯ ಆಕ್ರಮಣ ನಡೆಸಿತು. ನವೆಂಬರ್ ೨೧ಕ್ಕೆ ಗುಂಡಿನ ಸದ್ದು ನಿಂತಿತು. ಆದರೆ ಯುದ್ಧದ ಒಂದು ಅಧ್ಯಾಯ ಗಡಿಯಿಂದ ಬಹುದೂರದಲ್ಲಿ ಆಗಷ್ಟೇ ಆರಂಭವಾಗಿತ್ತು. ಭಾರತದಲ್ಲೇ ಹುಟ್ಟಿ, ಇಲ್ಲಿನ ಭಾಷೆಯನ್ನಾಡುತ್ತ ಬೆಳೆದ ಚೀನೀ ವಂಶದವರೂ ಏಕಾಏಕಿ ಸಂಶಯಕ್ಕೆ ಗುರಿಯಾದರು. ಅಸ್ಸಾಂ, ಷಿಲ್ಲಾಂಗ್, ಡಾರ್ಜಿಲಿಂಗ್ ಮೊದಲಾದ ಕಡೆಗಳಿಂದ ಸುಮಾರು ಮೂರು ಸಾವಿರ ಮಂದಿಯನ್ನು, ಮುದುಕರು ಮಕ್ಕಳೆನ್ನದೆ, ವಿಚಾರಣೆಯಿಲ್ಲದೆ ಬಂಧಿಸಿ ರೈಲಿನಲ್ಲಿ ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಸಾಗಿಸಲಾಯಿತು. ಚಹದ ತೋಟಗಳ ತಂಪಿನಿಂದ ಹೊರಟವರು ಮರುಭೂಮಿಯ ಬಿಸಿಲಿನಲ್ಲಿ ಇಳಿದರು. ೧೯೬೩ರಲ್ಲಿ ಚೀನ ಕಳುಹಿಸಿದ ಹಡಗುಗಳನ್ನೇರಿ ಅನೇಕರು ಮದರಾಸಿನ ಬಂದರಿನಿಂದ ತಾವು ಎಂದೂ ನೋಡದ 'ತಾಯ್ನಾಡಿಗೆ' ಹೊರಟರು. ಶಿಬಿರದಲ್ಲಿ ಉಳಿದ ಕೊನೆಯವರ ಬಿಡುಗಡೆಯಾದುದು ೧೯೬೭ರಲ್ಲಿ. ಹೊರಬಂದವರಿಗೆ ಮನೆಗಳು ಇರಲಿಲ್ಲ. ಅಂಗಡಿಗಳು ಬೇರೆಯವರ ಪಾಲಾಗಿದ್ದವು. ಆ ಶಿಬಿರದಲ್ಲೇ ಹುಟ್ಟಿದ ಜಾಯ್ ಮಾ ಎಂಬ ಮಹಿಳೆ ದಿಲೀಪ್ ಡಿಸೋಜಾರೊಡನೆ ೨೦೨೦ರಲ್ಲಿ ಪ್ರಕಟಿಸಿದ 'ದಿ ದೇವಲಿವಾಲಾಸ್' ಎಂಬ ಇಂಗ್ಲಿಷ್ ಗ್ರಂಥ ಈ ಸಂಕಟವನ್ನು ದಾಖಲಿಸಿದೆ.

ಕಲ್ಕತ್ತೆಯ ಬಹುಮಂದಿ ಶಿಬಿರದಿಂದ ಪಾರಾದರೂ ಭಯದಿಂದ ಪಾರಾಗಲಿಲ್ಲ. ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ. ಇಂತಹ ದಿನಗಳನ್ನು ಕಂಡ ತಂದೆತಾಯಿಯರು ಮಕ್ಕಳನ್ನು ಹೊರದೇಶಗಳಿಗೆ ಕಳುಹಿಸಲು ಹಂಬಲಿಸಿದ್ದರಲ್ಲಿ ಆಶ್ಚರ್ಯವೇನು? ಕೆನಡ, ಆಸ್ಟ್ರೇಲಿಯ, ಅಮೆರಿಕಗಳ ದಾರಿ ಹಿಡಿದವರು ಹಲವರು. ಕೆನಡದ ಟೊರಾಂಟೊ ನಗರದಲ್ಲಿ ಇಂದು 'ಹಕ್ಕಾ ಚೀನೀ' ಎಂಬ ಫಲಕದ ಹೋಟೆಲುಗಳಿವೆ. ಅಲ್ಲಿ ಬಡಿಸುವುದು ಚೀನದ ಹಕ್ಕಾ ಅಡಿಗೆಯನ್ನಲ್ಲ, ಹಸಿಮೆಣಸಿನಕಾಯಿ ಸೇರಿಸಿದ ಕಲ್ಕತ್ತೆಯ ಅಡಿಗೆಯನ್ನು. ಮನೆಯ ಊಟವೆಂದರೆ ಅವರಿಗೆ ಕಲ್ಕತ್ತೆಯ ಊಟ.

ಟಾಂಗ್ರಾದಿಂದ ಬೆಂಗಳೂರಿನ ಗಾಡಿಯವರೆಗೆ

ಎರಡನೆಯ ಪೆಟ್ಟು ಬಿದ್ದುದು ೧೯೯೬ರಲ್ಲಿ. ಗಂಗೆಯ ನೀರಿನ ಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಲ್ಕತ್ತೆಯ ಚರ್ಮದ ಕಾರ್ಖಾನೆಗಳು ನಗರದಿಂದಾಚೆಗೆ ಸಾಗಬೇಕೆಂದು ಆ ವರ್ಷದ ಡಿಸೆಂಬರಿನಲ್ಲಿ ಆಜ್ಞಾಪಿಸಿತು. ಬಾನ್ತಲಾ ಎಂಬಲ್ಲಿ ಅವುಗಳಿಗೆ ಸ್ಥಳ ನಿಗದಿಯಾಯಿತು. ಸ್ಥಳಾಂತರ ಎಲ್ಲರಿಂದಲೂ ಸಾಧ್ಯವಾಗಲಿಲ್ಲ. ಕಾರ್ಖಾನೆ ಮುಚ್ಚಿದ ಹಲವು ಕುಟುಂಬಗಳು ಅದೇ ಆವರಣದಲ್ಲಿ ಒಲೆ ಹಚ್ಚಿ ಹೋಟೆಲು ತೆರೆದವು. ತೊಗಲಿನ ವಾಸನೆಯ ಟಾಂಗ್ರಾ ಹೀಗೆ ಸೋಯಾ ರಸದ ಪರಿಮಳಕ್ಕೆ ಹೆಸರಾಯಿತು. ಅಲ್ಲಿನ ಕಾಳಿಯ ಗುಡಿಯಲ್ಲಿ ಚೀನೀ ಭಕ್ತರು ದೇವಿಗೆ ನೂಡಲ್ಸನ್ನು ನೈವೇದ್ಯ ಮಾಡುವ ವಾಡಿಕೆ ಬೆಳೆದುಬಂದಿದೆ. ಬಂಗಾಳದ ತಾಯಿ ಅದನ್ನೂ ಸ್ವೀಕರಿಸಿದ್ದಾಳೆ.

ಟಾಂಗ್ರಾದ ಅಡಿಗೆ ದೇಶವನ್ನೆಲ್ಲ ಸುತ್ತಿ ಕರ್ನಾಟಕಕ್ಕೂ ಬಂದಿದೆ. ಕಲ್ಕತ್ತೆಯ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಪಾಕಪ್ರವೀಣರು ೧೯೭೫ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಸೋಯಾ ರಸವನ್ನು ಕೂಡಿಸಿ ಕೋಳಿಯ ಹೊಸ ಖಾದ್ಯವೊಂದನ್ನು ರಚಿಸಿ ಅದಕ್ಕೆ 'ಮಂಚೂರಿಯನ್' ಎಂದು ಹೆಸರಿಟ್ಟುದಾಗಿ ಹೇಳಿದ್ದಾರೆ. ಕೋಳಿಯ ಸ್ಥಾನದಲ್ಲಿ ಹೂಕೋಸು ಬಂದು ಕುಳಿತಾಗ ಬೆಂಗಳೂರಿನ ಬೀದಿಬೀದಿಯ ಗಾಡಿಗಳಲ್ಲಿ ಗೋಬಿ ಮಂಚೂರಿಯ ಯುಗ ಆರಂಭವಾಯಿತು. ಅದರ ಕೆಂಪು ಎಷ್ಟು ಅತಿಯಾಯಿತೆಂದರೆ ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನೇ ನಿಷೇಧಿಸಬೇಕಾಯಿತು. ಮಂಚೂರಿಯ ಪ್ರಾಂತದವರು ಈ ತಿಂಡಿಯನ್ನು ಕನಸಿನಲ್ಲಿಯೂ ಕಂಡವರಲ್ಲ. ಇದು ಅಪ್ಪಟ ಭಾರತೀಯ. ಆದರೆ ಇದನ್ನು ಕೊಟ್ಟ ಕೈಗಳು ಭಾರತದ ಚೀನೀಯರವು.

ಇಲ್ಲಿಯೇ ಒಂದು ವಿಪರ್ಯಾಸವಿದೆ. 'ಚೈನೀಸ್' ಎಂಬ ತಿಂಡಿ ಭಾರತದ ಸಣ್ಣ ಸಣ್ಣ ಪಟ್ಟಣಗಳಿಗೂ ಹಬ್ಬಿದ ಅದೇ ಅರ್ಧ ಶತಮಾನದಲ್ಲಿ, ಅದನ್ನು ಕಲಿಸಿದ ಜನ ಒಬ್ಬೊಬ್ಬರಾಗಿ ಈ ದೇಶವನ್ನು ಬಿಟ್ಟರು. ೧೯೬೯ರಿಂದ ಟಾಂಗ್ರಾದಲ್ಲಿ ಅಚ್ಚಾಗುತ್ತಿದ್ದ 'ಸಿಯಾಂಗ್ ಪಾವ್' ಎಂಬ ಚೀನೀ ದಿನಪತ್ರಿಕೆಯೂ ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ನಿಂತುಹೋಯಿತು. ಓದಬಲ್ಲವರೇ ಬೆರಳೆಣಿಕೆಗೆ ಇಳಿದಿರುವಾಗ ಪತ್ರಿಕೆ ಬಾಳುವುದಾದರೂ ಹೇಗೆ?

ಉಳಿಯಬೇಕಾದುದು ಯಾವುದು?

ಟಿರೆಟ್ಟಾ ಬಜಾರಿನ ಭಾನುವಾರದ ಸಾಲಿನಲ್ಲಿಯೂ ಈ ಬದಲಾವಣೆ ಕಾಣುತ್ತದೆ. ಚೀನೀ ಅಜ್ಜಿಯರು ಕುಳಿತು ಮಾರುತ್ತಿದ್ದ ಜಾಗಗಳಲ್ಲಿ ಈಗ ಇತರ ಜನಾಂಗದ ವ್ಯಾಪಾರಿಗಳೇ ಹೆಚ್ಚು. ಶುಮಾಯ್‌ಗಳ ಪಕ್ಕದಲ್ಲಿ ಟಿಬೆಟ್ ಮೂಲದ ಮೊಮೊ ಬಂದಿದೆ. ಕೈಯಲ್ಲಿ ಕ್ಯಾಮೆರಾ ಹಿಡಿದ ಪ್ರೇಕ್ಷಕರು ಬಂದಿದ್ದಾರೆ. ತಿಂದವರ ಬಾಯಾರಿಕೆಗೆ ಮಣ್ಣಿನ ಕುಡಿಕೆಯ ಹಾಲುಚಹ ಸಿದ್ಧವಾಗಿದೆ. ಅನ್ಯರು ಚೀನೀ ತಿಂಡಿಯನ್ನು ಮಾರುವುದರಲ್ಲಿ ದೋಷವೇನೂ ಇಲ್ಲ. ಉಡುಪಿಯ ಹೋಟೆಲಿನ ಇಡ್ಲಿಯನ್ನು ಇಂದು ಎಲ್ಲ ಸೀಮೆಯವರೂ ಬೇಯಿಸುತ್ತಾರೆ. ಪಾಕವೆಂಬುದು ಹಂಚಿದಷ್ಟೂ ಬೆಳೆಯುವ ಸ್ವತ್ತು.

ಆದರೆ ಮನೆಯ ಅಡಿಗೆಯಲ್ಲಿ ಪಾಕಕ್ಕಿಂತ ಹೆಚ್ಚಿನದೊಂದಿರುತ್ತದೆ. ಯಾವ ಹಬ್ಬಕ್ಕೆ ಯಾವ ಎಲೆಯಲ್ಲಿ ಕಟ್ಟಬೇಕು, ಹಿರಿಯರ ಸಮಾಧಿಯ ಮುಂದೆ ಏನನ್ನಿಡಬೇಕು, ಮಗುವಿಗೆ ಮೊದಲ ತುತ್ತನ್ನು ಯಾವ ಮಾತಿನಲ್ಲಿ ಕೊಡಬೇಕು ಎಂಬುದು ಮನೆಯವರಿಗಷ್ಟೇ ತಿಳಿದಿರುತ್ತದೆ. ಅವರು ಹೊರಟುಹೋದರೆ ತಿಂಡಿ ಉಳಿದೀತು, ಅದರ ಅರ್ಥ ಉಳಿಯದು. ಟಿರೆಟ್ಟಾ ಬಜಾರಿನಲ್ಲಿ ಇನ್ನೂ ಭಾನುವಾರದ ನಸುಕಿನಲ್ಲೆದ್ದು ಹಿಟ್ಟು ಕಲಸುವ ಕೆಲವು ಚೀನೀ ಮನೆಗಳಿವೆ. ಅವರ ಮಕ್ಕಳಲ್ಲಿ ಕೆಲವರು ದೇಶಾಂತರದ ಉದ್ಯೋಗವನ್ನು ಒಲ್ಲದೆ ತಂದೆಯ ಅಂಗಡಿಯಲ್ಲಿಯೇ ನಿಂತಿದ್ದಾರೆ. ೧೯೫೮ರಲ್ಲಿ ಆರಂಭವಾದ 'ಪೌ ಚಾಂಗ್' ಸಂಸ್ಥೆ ತಯಾರಿಸುವ ಹಸಿಮೆಣಸಿನಕಾಯಿಯ ರಸದ ಸೀಸೆಗಳು ಬಂಗಾಳಿಗಳ ಅಡಿಗೆಮನೆಗಳನ್ನೂ ಹೊಕ್ಕಿವೆ. ಇವೆಲ್ಲ ಭರವಸೆಯ ಲಕ್ಷಣಗಳೇ ಸರಿ.

ಕಲ್ಕತ್ತೆಗೆ ಹೋಗುವ ಕನ್ನಡಿಗರು ದಕ್ಷಿಣೇಶ್ವರ, ಬೇಲೂರು ಮಠ, ವಿಕ್ಟೋರಿಯಾ ಸ್ಮಾರಕಗಳನ್ನು ತಪ್ಪದೆ ನೋಡುತ್ತಾರೆ. ಅದರೊಡನೆ ಒಂದು ಭಾನುವಾರ ಬೇಗನೆದ್ದು ಈ ಬೀದಿಗೂ ಹೋಗಿಬರುವುದು ಒಳ್ಳೆಯದು. ಸಸ್ಯಾಹಾರಿಗಳಾದರೆ ಸೀ ಇಪ್ ದೇವಾಲಯದ ಕರುಣೆಯ ದೇವಿಯನ್ನು ಕಂಡು ಬರಬಹುದು. ತಿನ್ನುವವರಾದರೆ ಬಿಸಿಬಿಸಿಯಾದ ಶುಮಾಯ್ ತಿಂದು, ಬಡಿಸಿದ ಅಜ್ಜಿಯನ್ನು ಎಷ್ಟು ಕಾಲದಿಂದ ಈ ಊರಿನಲ್ಲಿರುವಿರೆಂದು ವಿಚಾರಿಸಬಹುದು. ನಾಲ್ಕು ತಲೆಮಾರುಗಳಿಂದ ಎಂಬ ಉತ್ತರ ಅಚ್ಚ ಬಂಗಾಳಿಯಲ್ಲಿ ಬಂದರೆ ಅಚ್ಚರಿಪಡಬೇಕಾಗಿಲ್ಲ.